ಕೂಸು ಉಣ್ಣದಿದ್ದರೆ ತಾಯಿಯನ್ನು ದೂರಬೇಡಿ

ಸಂಬಳದ ಮಾತು, ಖೋಲಿಯ ಬಾಡಿಗೆಯ ಮಾತು, ಊರಿನ ಜಮೀನಿನ ತಕರಾರು, ಇವನ್ನೆಲ್ಲ ನಮ್ಮ ಬಂಧುಗಳು ಸಂಘದ ಕಚೇರಿಗೆ ಬಂದು ಬಾಯಿಬಿಟ್ಟು ಹೇಳುತ್ತಾರೆ. ಎರಡು ವರ್ಷದ ಮಗು ಉಣ್ಣುತ್ತಿಲ್ಲವೆಂಬ ಮಾತನ್ನು ಮಾತ್ರ ಯಾರೂ ತರುವುದಿಲ್ಲ. ಅದು ಹೆಂಗಸರ ವಿಷಯ, ಅಡಿಗೆಮನೆಯ ವಿಷಯ ಎಂದು ಅಲ್ಲೇ ಬಿಟ್ಟುಬಿಡುವುದು ರೂಢಿ. ದಿನಕ್ಕೆ ನೂರಾರು ಜನರಿಗೆ ಬಡಿಸುವವನ ಮಗುವೇ ಉಣ್ಣಲಾರದೆ ಸೊರಗುತ್ತಿದೆಯೆಂದು ಹೇಳಿಕೊಳ್ಳಲು ಸಂಕೋಚವೂ ಇದ್ದೀತು. ಈ ಸಂಕೋಚದಿಂದಾಗುವ ನಷ್ಟ ಸಣ್ಣದಲ್ಲವಾದುದರಿಂದ ನಾಲ್ಕು ಮಾತು ಬರೆಯಬೇಕಾಗಿದೆ.

ಉಣ್ಣುವುದು ಹುಟ್ಟಿನೊಡನೆ ತಾನಾಗಿ ಬರುವ ವಿದ್ಯೆಯೆಂದು ನಾವು ನಂಬಿದ್ದೇವೆ. ಎಲ್ಲ ಮಕ್ಕಳಿಗೂ ಅದು ಹಾಗೆ ಬರುವುದಿಲ್ಲ. ಬಾರದವರಿಗೆ ಕಲಿಸುವ ಚಿಕಿತ್ಸೆಯೊಂದಿದೆ. ವೈದ್ಯರು ಅದನ್ನು ಫೀಡಿಂಗ್ ಥೆರಪಿ ಎನ್ನುತ್ತಾರೆ, ನಾವು ಉಣಿಸುವ ಚಿಕಿತ್ಸೆ ಎನ್ನೋಣ. ಅದರ ದಾರಿಯನ್ನು ತೋರಿಸಿಕೊಡುವವರು ಆಸ್ಪತ್ರೆಯವರು. ಆದರೆ ದಿನಕ್ಕೆ ನಾಲ್ಕೈದು ಸಲ ಅದನ್ನು ನಡೆಸುವವಳು ಮನೆಯಲ್ಲಿ ಬಟ್ಟಲು ಹಿಡಿದು ಕೂತ ತಾಯಿ. ಆದ್ದರಿಂದ ಅದು ಅವಳಿಗೆ ತಿಳಿಯುವ ಮಾತಿನಲ್ಲಿ, ಅವಳು ತಲುಪಬಹುದಾದ ಊರಿನಲ್ಲಿ, ಗಂಡನ ಕೂಲಿ ಮುರಿಯದಂತೆ ಸಿಗಬೇಕು. ಇಂದು ಹಾಗೆ ಸಿಗುತ್ತಿಲ್ಲ ಎಂಬುದೇ ನನ್ನ ದೂರು.

ದೌಂಡವನ್ನೇ ತೆಗೆದುಕೊಳ್ಳಿ. ರಾಯಚೂರು, ವಾಡಿ, ಕಲಬುರ್ಗಿ, ಸೊಲ್ಲಾಪುರದ ದಾರಿಯಿಂದ ಮುಂಬಯಿಗೆ ಬಂದ ನಮ್ಮವರಿಗೆ ಈ ಜಂಕ್ಷನ್ನಿನ ಪರಿಚಯ ಹೇಳಬೇಕಾಗಿಲ್ಲ. ಭೀಮಾನದಿಯ ದಂಡೆಯ ಊರು. ಅದೇ ಭೀಮೆ ಮುಂದೆ ಪಂಢರಪುರ ಹಾಯ್ದು ನಮ್ಮ ಕಲಬುರ್ಗಿಯ ಸೀಮೆಗೆ ಇಳಿಯುತ್ತಾಳೆ. ಸೊಲ್ಲಾಪುರದಿಂದ ಮನ್ಮಾಡದ ಕಡೆಗೆ ಹೊರಟ ಗಾಡಿಗಳು ಇಲ್ಲಿ ಇಂಜಿನ್ನನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿಕೊಳ್ಳುವವರೆಗೆ ನಿಲ್ಲುತ್ತಿದ್ದ ಕಾಲವಿತ್ತು. ಚಹಾ ಮಾರುವವರಿಗೆ ಅದೇ ಸುಗ್ಗಿ. ಈ ಊರಿನಲ್ಲಿ ನಾನು ಬಲ್ಲ ಒಂದು ಸಂಸಾರವಿದೆ. ಗಂಡ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ, ಬೆಳಿಗ್ಗೆ ಐದಕ್ಕೆ ಹೋದರೆ ರಾತ್ರಿ ತಿರುಗಿ ಬರುವುದು. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದು. ಎರಡು ವರ್ಷವಾದರೂ ಹಾಲು, ಬೇಳೆಯ ತಿಳಿ, ಅದ್ದಿದ ಬಿಸ್ಕತ್ತು, ಇಷ್ಟರಲ್ಲೇ ಇದೆ.

"ಬಾಯಾಗ ಇಟ್ಟದ್ದು ಬಾಯಾಗೇ ಇರ್ತದ ಅಣ್ಣಾ, ಒಳಗ ಇಳಿಯಲ್ಲ. ಗಟ್ಟಿ ಮಾಡಿದ್ರ ಉಗುಳ್ತದ, ತೆಳ್ಳಗ ಮಾಡಿದ್ರ ನೆತ್ತಿಗಿ ಹತ್ತತದ" ಎಂದು ಆ ತಾಯಿ ಹೇಳಿದಳು. ಒಳಗಿನಿಂದ ಅತ್ತೆಯ ದನಿ: "ನಾ ಐದು ಮಕ್ಕಳನ್ನ ಉಣಿಸಿ ಬೆಳಸೀನಿ. ಈಕಿಗಿ ಉಣಿಸಲಾಕ ಬರಲ್ಲ." ಮೂಗು ಹಿಡಿದು ಬಾಯಿ ತೆರೆಸುವುದು, ಹೊಡೆಯುವುದು, ಹರಕೆ ಹೊರುವುದು, ತಾಯಿತ ಕಟ್ಟುವುದು, ಎಲ್ಲವೂ ಆಗಿತ್ತು. ಯಾವುದೋ ದವಾಖಾನೆಯಲ್ಲಿ ಹಸಿವಿನ ಟಾನಿಕ್ಕಿನ ಬಾಟಲಿಯನ್ನೂ ಕೊಟ್ಟಿದ್ದರು. ಆ ಮಗುವಿಗೆ ಹಸಿವಿಲ್ಲದೆ ಇರಲಿಲ್ಲ. ಹಸಿವಿದ್ದೂ ಉಣ್ಣಲಾರದೆ ಇತ್ತು.

ನೆತ್ತಿಗೆ ಹತ್ತಿತು ಎಂದು ನಾವು ತಲೆ ತಟ್ಟುತ್ತೇವೆ, ಯಾರೋ ನೆನೆಸಿಕೊಂಡರು ಎಂದು ನಗುತ್ತೇವೆ. ನಿಜವಾಗಿ ಏರಿದ್ದು ಯಾವುದೂ ಇಲ್ಲ. ಅನ್ನನಾಳಕ್ಕೆ ಇಳಿಯಬೇಕಾದ ನೀರು ಶ್ವಾಸನಾಳದ ಬಾಯಿಗೆ ಹೋಗಿದೆ, ಅಷ್ಟೆ. ಗಂಟಲೆಂಬುದು ದೌಂಡದ ಹಾಗೆಯೇ ಒಂದು ಜಂಕ್ಷನ್. ಗಾಳಿಯ ಹಾದಿಯೂ ಅನ್ನದ ಹಾದಿಯೂ ಅಲ್ಲಿ ಕೂಡಿ, ಮತ್ತೆ ಬೇರೆಯಾಗುತ್ತವೆ. ತುತ್ತು ಬರುವ ಕ್ಷಣಕ್ಕೆ ಉಸಿರು ತಡೆದು, ಧ್ವನಿಪೆಟ್ಟಿಗೆ ಮೇಲಕ್ಕೇರಿ, ಗಾಳಿಯ ಬಾಗಿಲು ಮುಚ್ಚಬೇಕು. ಹಳಿ ತಿರುಗುವುದು ಅರೆಕ್ಷಣ ತಡವಾದರೂ ತುತ್ತು ತಪ್ಪು ಹಾದಿ ಹಿಡಿಯುತ್ತದೆ. ಗಟ್ಟಿ ಮಕ್ಕಳು ಕೆಮ್ಮಿ ಅದನ್ನು ಹೊರಹಾಕುತ್ತಾರೆ. ಕೆಲವು ಮಕ್ಕಳು ಕೆಮ್ಮುವುದೂ ಇಲ್ಲ. ಹಾಲು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು, ತಿಂಗಳಿಗೊಮ್ಮೆ ಎದೆ ಕಟ್ಟಿ, ನ್ಯುಮೋನಿಯಾ ಎಂದು ಚೀಟಿ ಬರೆಸಿಕೊಂಡು ಬರುತ್ತಾರೆ. ಉಣಿಸುವುದಕ್ಕೂ ಆ ಜ್ವರಕ್ಕೂ ಸಂಬಂಧವಿದೆಯೆಂದು ತಾಯಿಗೆ ಯಾರೂ ಹೇಳಿರುವುದಿಲ್ಲ.

ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರರ ತಾಳ ಕೂಡಿಬರುವುದು ಗರ್ಭದಲ್ಲಿ ಸುಮಾರು 34 ವಾರ ತುಂಬುವ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ ಕೂಸಿಗೆ ನಳಿಗೆಯಿಂದ ಹಾಲು ಕೊಡುತ್ತಾರೆ. ಅದು ಜೀವ ಉಳಿಸುವ ನಳಿಗೆ, ಅದನ್ನು ಬಯ್ಯುವ ಹಾಗಿಲ್ಲ. ಆದರೆ ಬಹಳ ದಿನ ಹಾಗೆ ಉಂಡ ಮಗುವಿಗೆ ಬಾಯಿಯ ಬಳಿ ಏನು ಬಂದರೂ ಅಂಜಿಕೆಯಾಗುವುದುಂಟು. ಇನ್ನು ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯ ಮಿದುಳಿಗೆ ಪೆಟ್ಟಾಗಿ ಮೈ ಬಿಗಿಯುವ ತೊಂದರೆ ಇರುವ ಮಕ್ಕಳಿಗೆ ತುಟಿ, ನಾಲಗೆ, ದವಡೆ ಹೇಳಿದಂತೆ ಕೇಳುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸ್ನಾಯುಗಳು ಸಡಿಲ. ಅಂಗುಳ ಸೀಳಿದ ಕೂಸು ಎಷ್ಟು ಚೀಪಿದರೂ ಹಾಲು ಎಳೆಯಲಾರದು. ಅಂಥದಕ್ಕೆ ಮುಖ್ಯ ಪರಿಹಾರ ಶಸ್ತ್ರಚಿಕಿತ್ಸೆಯೇ, ಅದಾಗುವವರೆಗೆ ಬೇರೆ ಬಗೆಯ ಬಾಟಲಿ, ಬೇರೆ ಬಗೆಯ ಹಿಡಿತ. ಆಟಿಸಂ ಇರುವ ಮಕ್ಕಳಲ್ಲಿ ಹಲವರಿಗೆ ನಾಲಗೆಯ ಮೇಲೆ ಅನ್ನದ ಅಗುಳು ಮರಳಿನಂತೆ ಚುಚ್ಚುತ್ತದೆ, ಒಗ್ಗರಣೆಯ ವಾಸನೆಗೇ ವಾಂತಿ ಬರುತ್ತದೆ. ನಮ್ಮ ಕಣ್ಣಿಗೆ ಇವೆಲ್ಲವೂ ಒಂದೇ: ಹಟ.

ಹಸಿವಾದರೆ ತಾನೇ ತಿನ್ನುತ್ತದೆ ಎನ್ನುವ ಹಿರಿಯರ ಮಾತು ಪೂರಾ ಸುಳ್ಳಲ್ಲ. ಓಡಾಡಿಕೊಂಡು, ತೂಕ ಏರುತ್ತ, ಪಲ್ಯ ಮಾತ್ರ ಒಲ್ಲೆನೆನ್ನುವ ಮಗುವಿಗೆ ಅದು ಸರಿ. ಅಂಥ ಮಗುವಿಗೆ ಹೊಸ ತಿನಿಸನ್ನು ಹತ್ತು ಹದಿನೈದು ಸಲ ಬಲವಂತವಿಲ್ಲದೆ ತಟ್ಟೆಯಲ್ಲಿಟ್ಟರೆ ಒಂದು ದಿನ ಬಾಯಿಗೆ ಹೋಗುತ್ತದೆ. ಆದರೆ ಉಣ್ಣುವಾಗ ಕೆಮ್ಮುವ, ಉಂಡ ಮೇಲೆ ದನಿ ಗೊರಗೊರ ಎನ್ನುವ, ತುಟಿ ನೀಲಿಗಟ್ಟುವ, ಪದೇ ಪದೇ ಎದೆ ಕಟ್ಟುವ, ಒಂದು ಬಟ್ಟಲು ಗಂಜಿಗೆ ಒಂದು ತಾಸು ತೆಗೆದುಕೊಳ್ಳುವ, ತೂಕ ನಿಂತುಹೋದ ಮಗುವನ್ನು ಉಪವಾಸ ಕೆಡವಿ ಬುದ್ಧಿ ಕಲಿಸುತ್ತೇನೆನ್ನುವುದು ಅಪಾಯ. ಅಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಾಲದ ಪ್ರಶ್ನೆಯೂ ಇದೆ. ಇಂಗ್ಲೆಂಡಿನ ಶೆಫೀಲ್ಡಿನ ಮಕ್ಕಳ ವೈದ್ಯ ಇಲ್ಲಿಂಗ್‌ವರ್ತ್ ಮತ್ತು ಲಿಸ್ಟರ್ ಎಂಬವರು 1964ರಲ್ಲಿಯೇ ಬರೆದಿದ್ದರು: ಮಗು ಅಗಿಯಲು ಸಿದ್ಧವಾಗುವ ತಿಂಗಳುಗಳಲ್ಲಿ ಗಟ್ಟಿ ಆಹಾರದ ಅಭ್ಯಾಸವಾಗದಿದ್ದರೆ ಮುಂದೆ ಅದನ್ನು ರೂಢಿಸುವುದು ಕಷ್ಟವಾಗುತ್ತದೆ. ಆರು ತಿಂಗಳಲ್ಲಿ ಗುರುತಿಸಿದ ತೊಂದರೆಗೂ ಮೂರು ವರ್ಷಕ್ಕೆ ಗುರುತಿಸಿದ ತೊಂದರೆಗೂ ಬಹಳ ಅಂತರವಿದೆ. ನಮ್ಮ ಜನ ಆ ಮೂರು ವರ್ಷಗಳನ್ನು ತಾಯಿಯನ್ನು ಬಯ್ಯುವುದರಲ್ಲಿ ಕಳೆಯುತ್ತಾರೆ.

ಒಳಲೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕೊಕ್ಕಿನ ಆಕಾರದ ಆ ಪುಟ್ಟ ಪಾತ್ರೆ ನಮ್ಮ ಅನೇಕ ಮನೆಗಳಲ್ಲಿ ಅಜ್ಜಿಯ ಕಾಲದಿಂದ ಬಂದಿದೆ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ತಾಯಿಯ ಹಾಲನ್ನು ಇಂಥ ಪಾತ್ರೆಯಿಂದ ಕುಡಿಸುವ ಪದ್ಧತಿಯನ್ನು ಇಂದಿನ ಆಸ್ಪತ್ರೆಗಳೂ ಇಟ್ಟುಕೊಂಡಿವೆ. ಅಜ್ಜಿಯರಿಗೆ ಅಷ್ಟರ ಮಟ್ಟಿಗೆ ಮರ್ಯಾದೆ ಸಲ್ಲಬೇಕು. ಆದರೆ ಆಸ್ಪತ್ರೆಯ ದಾದಿ ಕೂಸಿನ ತಲೆಯನ್ನೆತ್ತಿ ಹಿಡಿದು, ತುಟಿಯ ಅಂಚಿಗೆ ತೊಟ್ಟು ತೊಟ್ಟಾಗಿ ಬಿಟ್ಟು, ಅದು ನುಂಗಿತೇ ಎಂದು ನೋಡಿ ಮುಂದಿನ ತೊಟ್ಟು ಬಿಡುತ್ತಾಳೆ. ಮನೆಯಲ್ಲಿ ಆಗುವುದೇನು? ಕಾಲು ಚಾಚಿ, ಕೂಸನ್ನು ಅಂಗಾತ ಮಲಗಿಸಿ, ಕೈ ಅದುಮಿ, ಅದು ಅಳಲು ಬಾಯಿ ತೆರೆದಾಗ ರಾಗಿ ಸರಿಯನ್ನು ಒಮ್ಮೆಲೆ ಸುರಿಯುವುದು. ಅಳುವ ಮಗು ಉಸಿರನ್ನು ಒಳಗೆ ಎಳೆಯುತ್ತದೆ. ಸರಿಯೂ ಅದರ ಜೊತೆಗೆ ಒಳಗೆ ಹೋಗುತ್ತದೆ. ಪಾತ್ರೆಯ ತಪ್ಪು ಇದರಲ್ಲಿ ಏನೂ ಇಲ್ಲ. ಮಲಗಿಸಿ ಸುರಿಯುವ ಪದ್ಧತಿಯನ್ನು ಮಾತ್ರ ನಾವು ನಿಲ್ಲಿಸಲೇಬೇಕು.

ಹಾಗಾದರೆ ಉಣಿಸುವ ಚಿಕಿತ್ಸೆಯಲ್ಲಿ ಏನು ಕಲಿಸುತ್ತಾರೆ? ಮೊದಲನೆಯದು ಕೂರಿಸುವುದು. ಸೊಂಟಕ್ಕೆ ಆಸರೆ, ಬೆನ್ನಿಗೆ ಆಸರೆ, ಕಾಲು ಜೋಲಾಡದೆ ಪಾದ ಊರಲು ಒಂದು ಮಣೆ. ತಲೆ ಹಿಂದಕ್ಕೆ ಬೀಳದೆ ಗದ್ದ ತುಸು ಕೆಳಗೆ. ಬೋರಲು ಹಾಕಿದ ಎಣ್ಣೆಯ ಡಬ್ಬಿ, ಮಡಿಸಿದ ಗೋಣಿಚೀಲ, ಸುತ್ತಿದ ಸೀರೆ, ಇಷ್ಟರಿಂದ ಜಾಣ ಚಿಕಿತ್ಸಕರು ಆಸನ ಕಟ್ಟಿಕೊಡುತ್ತಾರೆ. ಉಣಿಸುವವರು ನಿಂತು ಮೇಲಿನಿಂದ ಹಾಕದೆ ಮಗುವಿನ ಕಣ್ಣಿಗೆ ಕಣ್ಣು ಕೊಟ್ಟು ಎದುರಿಗೆ ಕೂರಬೇಕು. ಚಮಚ ಚಿಕ್ಕದು, ಆಳವಿಲ್ಲದ್ದು. ನಾಲಗೆಯ ಮೇಲೆ ಮೆಲ್ಲಗೆ ಒತ್ತಿ, ತುಟಿ ತಾನೇ ಮುಚ್ಚುವವರೆಗೆ ಕಾಯಬೇಕು. ಮೇಲಿನ ವಸಡಿಗೆ ಸವರಿ ತೆಗೆಯಬಾರದು. ಬಾಯಿ ಖಾಲಿಯಾಗದೆ ಎರಡನೆಯ ಚಮಚ ಇಲ್ಲ. ಅರ್ಧ ತಾಸಿಗೆ ಊಟ ಮುಗಿಸಬೇಕು. ಆಮೇಲೆ ಮಗು ದಣಿದು ನುಂಗುವುದು ಇನ್ನೂ ತಪ್ಪುತ್ತದೆ. ಬಾಯಿಗೆ ಅಂಜುವ ಮಗುವಿಗೆ ಮೊದಲು ಕೈಗೆ ಕೊಡುತ್ತಾರೆ: ಹಿಟ್ಟಿನ ಉಂಡೆ ಹಿಸುಕಲಿ, ಮೊಸರಿನಲ್ಲಿ ಬೆರಳಾಡಿಸಲಿ, ವಾಸನೆ ನೋಡಲಿ, ತುಟಿಗೆ ಸೋಕಲಿ. ಒಂದೊಂದು ಮೆಟ್ಟಿಲಿಗೂ ವಾರಗಳಾಗಬಹುದು. ಮೊಬೈಲಿನಲ್ಲಿ ಚಿತ್ರ ತೋರಿಸಿ, ಮಗು ಮೈಮರೆತಾಗ ಬಾಯಿಗೆ ತುರುಕುವುದು ಈ ವಿದ್ಯೆಗೆ ನೇರ ವಿರೋಧ. ಮೈಮರೆತ ಮಗು ನುಂಗುವುದನ್ನು ಕಲಿಯುವುದಿಲ್ಲ.

ಇನ್ನೊಂದು ಪಾಠ ಹದದ್ದು. ಇದರಲ್ಲಿ ನಮ್ಮ ಹೋಟೆಲಿನ ಭಟ್ಟರು ಯಾವ ಡಾಕ್ಟರಿಗೂ ಕಡಿಮೆಯಿಲ್ಲ. ದೋಸೆಯ ಹಿಟ್ಟು ಸೌಟಿನಿಂದ ಹೇಗೆ ಇಳಿಯಬೇಕು, ಇಡ್ಲಿಯ ಹಿಟ್ಟು ಹೇಗೆ ಬೀಳಬೇಕು, ನೀರುದೋಸೆಗೆ ಎಷ್ಟು ನೀರು, ಇದನ್ನು ಅವರು ಕಣ್ಣಳತೆಯಿಂದ ಹೇಳುತ್ತಾರೆ. ನುಂಗುವ ತೊಂದರೆ ಇರುವವರಿಗಾಗಿ ಪ್ರಪಂಚದ ತಜ್ಞರು ಕೂಡಿ ಇಂಥದೇ ಒಂದು ಅಳತೆ ಮಾಡಿದ್ದಾರೆ: ಸೊನ್ನೆಯಿಂದ ಏಳರವರೆಗೆ ಎಂಟು ಮೆಟ್ಟಿಲು, ಬರಿಯ ನೀರು ಸೊನ್ನೆ, ನಾವು ನೀವು ಉಣ್ಣುವ ಊಟ ಏಳು. ಹತ್ತು ಮಿಲಿಲೀಟರಿನ ಸಿರಿಂಜಿನಲ್ಲಿ ತುಂಬಿ, ಹತ್ತು ಸೆಕೆಂಡಿನಲ್ಲಿ ಎಷ್ಟು ಇಳಿಯಿತೆಂದು ನೋಡುತ್ತಾರೆ. ನೀರು ಅತ್ಯಂತ ಸುಲಭವೆಂದು ನಾವು ತಿಳಿಯುತ್ತೇವೆ. ಹಳಿ ತಡವಾಗಿ ತಿರುಗುವ ಗಂಟಲಿಗೆ ಅದೇ ಅತ್ಯಂತ ಕಠಿಣ, ಏಕೆಂದರೆ ಅದು ಕಾಯುವುದಿಲ್ಲ, ಓಡುತ್ತದೆ. ಇನ್ನೂ ಕಠಿಣವೆಂದರೆ ನೀರೂ ಗಟ್ಟಿಯೂ ಬೆರೆತದ್ದು. ತಿಳಿಸಾರಿನಲ್ಲಿ ತೇಲುವ ಅಗುಳು, ಸಾಂಬಾರಿನಲ್ಲಿ ಒಡೆದ ಇಡ್ಲಿ, ಮಜ್ಜಿಗೆಯನ್ನ, ಇವನ್ನೇ ನಾವು ಮಗುವಿಗೆ ಹಗುರವೆಂದು ಕೊಡುತ್ತೇವೆ. ಕರಾವಳಿಯ ರಾಗಿ ಮಣ್ಣಿ, ಬಯಲುಸೀಮೆಯ ಜೋಳದ ನುಚ್ಚು, ನುಣ್ಣಗೆ ಕಿವುಚಿದ ಕಿಚಡಿ, ಯಾವುದಾದರೂ ಆದೀತು. ಯಾವ ಮಗುವಿಗೆ ಯಾವ ಹದ ಎಂಬುದನ್ನು ಮಾತ್ರ ನೋಡಿದವರೇ ಹೇಳಬೇಕು. ಅನುಮಾನವಿದ್ದರೆ ಬೇರಿಯಂ ಬೆರೆಸಿದ ತುತ್ತು ಕೊಟ್ಟು, ಅದು ಇಳಿಯುವ ಹಾದಿಯನ್ನು ಎಕ್ಸ್-ರೇ ಚಲನಚಿತ್ರದಲ್ಲಿ ನೋಡುವ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿದೆ. ಶೇಂಗಾ, ಪುಟಾಣಿಯಂಥ ಕಾಳುಗಳನ್ನಂತೂ ಸಣ್ಣ ಮಕ್ಕಳ ಕೈಗೆ, ಗಟ್ಟಿ ಮಕ್ಕಳೇ ಆಗಿರಲಿ, ಕೊಡಕೂಡದು.

ಈಗ ಸರಕಾರದ ಕಡೆಗೆ ನೋಡೋಣ. ಸೊರಗಿದ ಮಗುವನ್ನು ಅಂಗನವಾಡಿಯಲ್ಲಿ ತೂಗಿ ಅಪೌಷ್ಟಿಕತೆಯ ಪಟ್ಟಿಗೆ ಸೇರಿಸಿ, ಹೆಚ್ಚಿನ ಆಹಾರ ಕೊಡುತ್ತಾರೆ. 1975ರಿಂದ ನಡೆದುಬಂದ ದೊಡ್ಡ ಕೆಲಸ ಅದು. ಆದರೆ ಆಹಾರವಿಲ್ಲದೆ ಸೊರಗಿದ ಮಗು ಬೇರೆ, ಎದುರಿಗಿಟ್ಟ ಆಹಾರವನ್ನು ನುಂಗಲಾರದೆ ಸೊರಗಿದ ಮಗು ಬೇರೆ. ಎರಡನೆಯದಕ್ಕೆ ಇನ್ನೊಂದು ಪೊಟ್ಟಣ ಕೊಟ್ಟರೆ ಅದು ಡಬ್ಬಿಯಲ್ಲೇ ಉಳಿಯುತ್ತದೆ. ತೂಗುವ ತಕ್ಕಡಿಯ ಜೊತೆಗೆ "ಉಣ್ಣುವಾಗ ಕೆಮ್ಮುತ್ತದೆಯೇ? ಒಂದು ಊಟಕ್ಕೆ ಎಷ್ಟು ಹೊತ್ತು?" ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು, ಅನೇಕ ಮಕ್ಕಳು ಬೇಗನೆ ಗೊತ್ತಾಗುತ್ತಾರೆ. ಈ ಪ್ರಶ್ನೆಗಳಿಗೆ ಖರ್ಚಿಲ್ಲ.

ವ್ಯವಸ್ಥೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಹುಟ್ಟುದೋಷ, ಬೆಳವಣಿಗೆಯ ಹಿನ್ನಡೆ ಕಂಡರೆ ಜಿಲ್ಲೆಯ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟರು, ಮಾತಿನ ಚಿಕಿತ್ಸಕರು ಎಲ್ಲರೂ ಅಲ್ಲಿ ಒಂದೇ ಸೂರಿನಡಿ ಇರಬೇಕೆಂಬುದು ಯೋಜನೆ, ಖರ್ಚು ಸರಕಾರದ್ದು. ಕಾಗದದ ಮೇಲೆ ಬಹಳ ಒಳ್ಳೆಯದು. ಆದರೆ ಪುಣೆಯ ಜಿಲ್ಲಾ ಆಸ್ಪತ್ರೆ ಇರುವುದು ಔಂಧದಲ್ಲಿ. ದೌಂಡದಿಂದ ಪುಣೆಗೆ ಸುಮಾರು 75 ಕಿಲೊಮೀಟರ್ ರೈಲು. ಸ್ಟೇಷನ್ನಿನಿಂದ ಔಂಧಕ್ಕೆ ಮತ್ತೆ ಬಸ್ಸು. ಕತ್ತು ನಿಲ್ಲದ ಮಗುವನ್ನು ಎತ್ತಿಕೊಂಡು, ಮರಾಠಿ ಅರ್ಧಂಬರ್ಧ ತಿಳಿಯುವ ಹೆಂಗಸು ಒಬ್ಬಳೇ ಹೋಗಲಾರಳು. ಗಂಡ ಜೊತೆಗೆ ಹೋಗಬೇಕು, ಒಂದು ದಿನದ ಕೂಲಿ ಹೋಗಬೇಕು. ಇದು ಒಂದು ದಿನದ ಮಾತಲ್ಲ. ಮೊದಮೊದಲು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮೂರನೆಯ ಸಲಕ್ಕೆ ಹೋಗುವುದು ನಿಲ್ಲುತ್ತದೆ. ರೋಗಿ ಬರುವುದನ್ನು ಬಿಟ್ಟ ಎಂದು ಆಸ್ಪತ್ರೆಯ ಪುಸ್ತಕದಲ್ಲಿ ಬರೆಯುತ್ತಾರೆ.

ಮುಂಬಯಿಯಲ್ಲಿರುವ ನಮಗೆ ಈ ಮಟ್ಟಿಗೆ ಅನುಕೂಲ ಹೆಚ್ಚು, ಅದನ್ನು ಮರೆಯಬಾರದು. ನಮ್ಮ ಹಿರಿಯರು ಮೂರು ಪಾಳಿಯಲ್ಲಿ ದುಡಿದ ಪರೇಲದಲ್ಲಿಯೇ, ಗಿರಣಿಗಳ ಚಿಮಣಿಯ ನೆರಳಿನಲ್ಲಿ, 1929ರಿಂದ ವಾಡಿಯಾ ಮಕ್ಕಳ ಆಸ್ಪತ್ರೆಯಿದೆ. ಪಕ್ಕದ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಕಮಲಾ ನಿಂಬಕರ್ ಅವರು ಈ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಉಡುವುದು, ತೊಡುವುದು, ತನ್ನ ಕೈಯಿಂದ ತಾನು ಉಣ್ಣುವುದು, ಇಂಥ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ವಿದ್ಯೆ ಅದು. ಆಕೆ ಅಮೆರಿಕದಲ್ಲಿ ಹುಟ್ಟಿ ಈ ನೆಲಕ್ಕೆ ಸೊಸೆಯಾಗಿ ಬಂದವರು. 1972ರಲ್ಲಿ ಮಿಥು ಅಲೂರ್ ಅವರು ಇದೇ ನಗರದಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು; ಆಸ್ಪತ್ರೆಗಳು ನಿಂತಿವೆ. ಕನ್ನಡದಲ್ಲಿಯೇ ಈ ವಿದ್ಯೆ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತಿಗೂ ನುಂಗುವುದಕ್ಕೂ ಬೇಕಾದ್ದು ಅದೇ ತುಟಿ, ಅದೇ ನಾಲಗೆ. ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಇಲ್ಲಿ ದುಡಿಯುವ ಬಂಧುಗಳು ಇದನ್ನು ಗುರುತು ಹಾಕಿಕೊಳ್ಳಬೇಕು.

ಕಾನೂನು ಏನು ಕೊಡುತ್ತದೆಂಬುದನ್ನೂ ತಿಳಿಯೋಣ. ಇ.ಎಸ್.ಐ. ವಿಮೆಯ ಸಂಬಳದ ಮಿತಿ 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿತು. 2019ರ ಜುಲೈಯಲ್ಲಿ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿಗೆ, ಮಾಲಿಕನದು ಮೂರೂಕಾಲಿಗೆ ಇಳಿಯಿತು. ಚೀಟಿ ಇದ್ದವನ ಮಕ್ಕಳ ಚಿಕಿತ್ಸೆಯೂ ಅದರಲ್ಲಿ ಸೇರುತ್ತದೆ. ಆದರೆ ಮಗುವನ್ನು ಕರೆದೊಯ್ದ ದಿನದ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ. ಕಾರ್ಮಿಕ ತಾನೇ ಕಾಯಿಲೆ ಬಿದ್ದರೆ ಮಾತ್ರ ಭತ್ಯೆ. 2017ರ ಮಹಾರಾಷ್ಟ್ರದ ಅಂಗಡಿ-ಸಂಸ್ಥೆಗಳ ಕಾನೂನು ವರ್ಷಕ್ಕೆ ಎಂಟು ದಿನ ಸಂಬಳದ ಸಾಂದರ್ಭಿಕ ರಜೆ ಕೊಟ್ಟಿತು, ಸಣ್ಣ ಹೋಟೆಲುಗಳನ್ನು ಹೊರಗಿಟ್ಟಿತು. ನಮ್ಮ ಜನ ಬಹುಪಾಲು ಇರುವುದು ಆ ಸಣ್ಣ ಹೋಟೆಲುಗಳಲ್ಲೇ.

ಸಂಘ ಇದರಲ್ಲಿ ಏನು ಮಾಡೀತು ಎಂದು ಕೇಳುವವರಿದ್ದಾರೆ. ಹಗಲೆಲ್ಲ ಲೋಟ ತೊಳೆದ ಮಾಣಿಗಳಿಗೆ ರಾತ್ರಿ ಅಕ್ಷರ ಕಲಿಸಬೇಕೆಂದು ಈ ನಗರದ ಕನ್ನಡಿಗರು ಒಂದು ಕಾಲದಲ್ಲಿ ರಾತ್ರಿಶಾಲೆಗಳನ್ನು ತೆರೆದರು. ಶಾಲೆ ಹೋಟೆಲಿನ ಹೊತ್ತಿಗೆ ಹೊಂದಿಕೊಂಡಿತೇ ಹೊರತು ಮಾಣಿ ಶಾಲೆಯ ಹೊತ್ತಿಗೆ ಹೊಂದಿಕೊಳ್ಳಲಿಲ್ಲ. ಚಿಕಿತ್ಸೆಯೂ ಹಾಗೆ ಬರಲೆಂದು ಕೇಳಬೇಕು. ತಿಂಗಳಿಗೆ ಒಂದು ದಿನ ಜಿಲ್ಲಾ ಕೇಂದ್ರದ ಚಿಕಿತ್ಸಕರೊಬ್ಬರು ದೌಂಡದ ಸರಕಾರಿ ಆಸ್ಪತ್ರೆಗೆ ಬಂದು ಕೂತರೆ, ಸುತ್ತಿನ ಸಕ್ಕರೆ ಕಾರ್ಖಾನೆಯ, ಹೋಟೆಲಿನ, ರೈಲ್ವೆಯ ಕೂಲಿಗಳ ಮಕ್ಕಳೆಲ್ಲ ಬಂದಾರು. ಮನವಿಯನ್ನು ಮರಾಠಿ ಬಂಧುಗಳ ಸಹಿಯೊಡನೆಯೇ ಕಳಿಸಬೇಕು. ನುಂಗಲಾರದ ಮಗುವಿಗೆ ಭಾಷೆಯ ಗಡಿಯಿಲ್ಲ. ಕನ್ನಡದಲ್ಲಿ ಒಂದು ಹಾಳೆ, ಕೂರಿಸುವ ರೀತಿಯ ಚಿತ್ರಗಳೊಡನೆ, ಬಲ್ಲ ಚಿಕಿತ್ಸಕರಿಂದ ತಿದ್ದಿಸಿ ಅಚ್ಚು ಹಾಕಿಸುವುದು ಸಂಘದ ಶಕ್ತಿ ಮೀರಿದ್ದಲ್ಲ. ಮರಾಠಿ ಚೆನ್ನಾಗಿ ಬಲ್ಲ ನಮ್ಮ ಹುಡುಗಿಯರು ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ದುಭಾಷಿಗಳಾಗಲಿ.

ಇನ್ನು ಹೋಟೆಲ್ ಧನಿಗಳಿಗೆ ಒಂದು ಮಾತು. ಅವರಲ್ಲಿ ಬಹುಮಂದಿ ಲೋಟ ತೊಳೆದು ಮೇಲೆ ಬಂದವರು, ನಮ್ಮ ಕಷ್ಟ ಅರಿಯದವರಲ್ಲ. ಇಂಥ ಮಗುವಿರುವ ಕಾರ್ಮಿಕನಿಗೆ, ಆಸ್ಪತ್ರೆಯ ಚೀಟಿ ತೋರಿಸಿದರೆ, ತಿಂಗಳಿಗೆ ಎರಡು ದಿನ ಸಂಬಳ ಮುರಿಯದೆ ಬಿಡಬೇಕೆಂದು ಕೇಳುತ್ತೇನೆ. ಕೆಲಸ ನಿಲ್ಲುತ್ತದೆಂಬ ಉತ್ತರ ಬರುತ್ತದೆ, ಗೊತ್ತು. ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ನಾವು ಹೊರೋಣ: ಸಪ್ಲೈಯರ್ ಹೋದ ದಿನ ಇನ್ನೊಬ್ಬ ಸಪ್ಲೈಯರ್, ಭಟ್ಟರು ಹೋದ ದಿನ ಇನ್ನೊಬ್ಬ ಭಟ್ಟರು ಆ ಹೊತ್ತಿಗೆ ನಿಲ್ಲಲಿ. ಗಿರಣಿಯಲ್ಲಿ ಬದಲಿಯಾಗಿ ನಿಂತು ದಿನ ತೆಗೆದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಪಾಳಿಯ ಪಟ್ಟಿ ಹಾಕುವುದು ಹೇಗೆಂದು ಅವರನ್ನು ಕೇಳಿದರಾಯಿತು.